ಶನಿವಾರ ಕಾಣುತ್ತದೆ, ಮಂಗಳವಾರ ಕಾಣುವುದಿಲ್ಲ

ಪ್ರಶ್ನೆ: ನಾನು ಗದಗಿನವಳು, ವಯಸ್ಸು 27. ಐದು ವರ್ಷಗಳಿಂದ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಊರಿಗೆ ಮದುವೆಗೆ ಹೋಗಿದ್ದೆ. ಸಹಕಾರಿ ಬ್ಯಾಂಕಿನಲ್ಲಿ 34 ವರ್ಷ ದುಡಿದು ನಿವೃತ್ತರಾದ ನಮ್ಮ ಕಾಕಾ ಊಟದ ಪಂಕ್ತಿಯಲ್ಲಿ ಎಲ್ಲರೆದುರು, "ನೀವೆಲ್ಲ ಯಪ್ಪಿಗಳು, ಒಂದು ಕಾಫಿಗೆ ಮುನ್ನೂರು ರೂಪಾಯಿ ಕೊಡುವ ಜನ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸಿನಿಮಾ, ವೆಬ್ ಸರಣಿ, ರೀಲ್ಸ್ ಎಲ್ಲದರಲ್ಲೂ ನಮ್ಮಂಥವರೆಂದರೆ ದುಂದುಗಾರರು, ಊರು ಮರೆತವರು. ಈ ಚಿತ್ರ ಎಲ್ಲಿಂದ ಬಂತು? ನಾವು ನಿಜಕ್ಕೂ ಹಾಗೆಯೇ?

ಉತ್ತರ: ಪತ್ರ ಓದಿದೆ. ನಿದ್ದೆ ಹತ್ತಲಿಲ್ಲ ಎಂದು ಬರೆದದ್ದಕ್ಕೆ ನಾಚಿಕೆ ಬೇಡ. ಇಪ್ಪತ್ತೆರಡು ವರ್ಷ ಪುಣೆಯಲ್ಲಿ ಮಾಧ್ಯಮ ಅಧ್ಯಯನ ಕಲಿಸಿದ್ದೇನೆ. ನಿಮ್ಮ ವಯಸ್ಸಿನ ಎಷ್ಟೋ ಮಕ್ಕಳು ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ನನ್ನ ಮುಂದೆ ಹೇಳಿಕೊಂಡಿದ್ದಾರೆ.

ಮೊದಲು ಆ ಪದದ ವಿಷಯ. ಯಂಗ್, ಅರ್ಬನ್, ಪ್ರೊಫೆಷನಲ್ (ನಗರದ ಯುವ ವೃತ್ತಿಪರ) ಎಂಬ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ, ಹಿಪ್ಪಿ ಎಂಬ ಹಳೆಯ ಪದದ ಬಾಲ ಅಂಟಿಸಿ ಮಾಡಿದ್ದು ಅದು. 1980ರಲ್ಲಿ ಅಮೆರಿಕದ ಷಿಕಾಗೋ ನಗರದ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಹೊರವಲಯದ ತೋಟದ ಮನೆಗಳನ್ನು ಬಿಟ್ಟು ನಗರದ ನಡುಭಾಗಕ್ಕೆ ಮರಳುತ್ತಿದ್ದ ಯುವ ನೌಕರರನ್ನು ಕುರಿತ ಲೇಖನ ಅದು. ಆಗ ಪದದಲ್ಲಿ ವಿಷವಿರಲಿಲ್ಲ. 1983ರಲ್ಲಿ ಅದೇ ನಗರದ ಒಬ್ಬ ಅಂಕಣಕಾರ ಜೆರ್ರಿ ರೂಬಿನ್ ಎಂಬವನ ಬಗ್ಗೆ ಬರೆಯುವಾಗ ಅದನ್ನು ಬಳಸಿದ. ಈ ರೂಬಿನ್ 1967ರಲ್ಲಿ ನ್ಯೂಯಾರ್ಕ್ ಷೇರುಪೇಟೆಯ ಗ್ಯಾಲರಿಯಲ್ಲಿ ನಿಂತು ಕೆಳಗಿದ್ದ ದಲ್ಲಾಳಿಗಳ ಮೇಲೆ ಡಾಲರ್ ನೋಟು ಎರಚಿದ ಗುಂಪಿನಲ್ಲಿದ್ದ. ಯುದ್ಧವನ್ನೂ ಹಣದಾಸೆಯನ್ನೂ ವಿರೋಧಿಸುತ್ತಿದ್ದ ಅವನ ಪಂಗಡಕ್ಕೆ ಯಿಪ್ಪಿ ಎಂದು ಹೆಸರು. ಹದಿನೈದು ವರ್ಷ ಕಳೆಯುವುದರೊಳಗೆ ಆತ ವ್ಯಾಪಾರಸ್ಥರು ಪರಸ್ಪರ ಪರಿಚಯ ಮಾಡಿಕೊಳ್ಳುವ ಸಂಜೆ ಕೂಟಗಳನ್ನು ನಡೆಸತೊಡಗಿದ್ದ. ಯಿಪ್ಪಿ ಇದ್ದವನು ಯಪ್ಪಿಯಾದ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಅಂದಿನಿಂದ ಆ ಪದಕ್ಕೆ 'ನಂಬಿದ್ದನ್ನು ಮಾರಿಕೊಂಡವನು' ಎಂಬ ಇನ್ನೊಂದು ಅರ್ಥ ಒಳಗೇ ಸೇರಿಕೊಂಡಿತು. ಊರು ಮರೆತವರು ಎಂದು ನಿಮಗೆ ಕೇಳಿಸಿದ ಆರೋಪದ ಹಳೆಯ ರೂಪ ಅದು.

1984ರಲ್ಲಿ ಯಪ್ಪಿಗಳನ್ನು ಗುರುತಿಸಲು ಒಂದು ಕೈಪಿಡಿಯೇ ಬಂತು. ಅದರ ಮುಖಪುಟ ನನಗೆ ಪಾಠ ಮಾಡುವಾಗ ಬಹಳ ಉಪಯೋಗಕ್ಕೆ ಬಂದಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು ನಿಂತಿದ್ದಾರೆ. ಅವರ ಮೈಮೇಲಿನ ಕೋಟು, ಕೈಗಡಿಯಾರ, ಚೀಲ, ಪ್ರತಿಯೊಂದಕ್ಕೂ ಗೆರೆ ಎಳೆದು ಹೆಸರು ಬರೆದಿದ್ದಾರೆ. ವಿಜ್ಞಾನದ ಪುಸ್ತಕದಲ್ಲಿ ಹೂವಿನ ಭಾಗಗಳನ್ನು ಗುರುತಿಸುತ್ತೇವಲ್ಲ, ಹಾಗೆ. ಈ ಇಬ್ಬರು ಹಗಲೆಲ್ಲ ಏನು ಕೆಲಸ ಮಾಡುತ್ತಾರೆ, ಯಾರ ಕೈಕೆಳಗೆ ಮಾಡುತ್ತಾರೆ, ಸಂಬಳದಲ್ಲಿ ಯಾರಿಗೆ ಎಷ್ಟು ಕಳಿಸುತ್ತಾರೆ ಎಂಬುದಕ್ಕೆ ಅಲ್ಲಿ ಗೆರೆ ಎಳೆಯಲು ಜಾಗವೇ ಇಲ್ಲ. ಅದೇ ವರ್ಷದ ಕೊನೆಯ ದಿನ ನ್ಯೂಸ್‌ವೀಕ್ ಪತ್ರಿಕೆ 1984ನ್ನು ಯಪ್ಪಿಗಳ ವರ್ಷ ಎಂದು ಮುಖಪುಟದಲ್ಲಿ ಸಾರಿತು. ನಿಮ್ಮ ಕಾಕಾ ಹೇಳಿದ ಮುನ್ನೂರು ರೂಪಾಯಿಯ ಕಾಫಿ ಆ ಮುಖಪುಟದ ವಂಶದ್ದು. ಮನುಷ್ಯನನ್ನು ಅವನು ಕೊಳ್ಳುವ ವಸ್ತುವಿನಿಂದ ಗುರುತಿಸುವ ಅಭ್ಯಾಸ ಅಲ್ಲಿಂದ ಇಲ್ಲಿಯವರೆಗೆ ಬಂದಿದೆ. ನನ್ನ ವಿಚಾರದಲ್ಲಿ ಈ ಇಡೀ ಚಿತ್ರದ ಮೂಲ ದೋಷವೂ ಅದೇ: ಅದು ನಿಮ್ಮ ರಜೆಯ ಶನಿವಾರವನ್ನು ನೋಡುತ್ತದೆ, ದುಡಿಮೆಯ ಮಂಗಳವಾರವನ್ನು ನೋಡುವುದಿಲ್ಲ.

ಹಾಗೆಂದು ಆ ಸಿಟ್ಟು ಗಾಳಿಯಿಂದ ಹುಟ್ಟಿದ್ದಲ್ಲ. 1982ರ ಕೊನೆಗೆ ಅಮೆರಿಕದಲ್ಲಿ ನಿರುದ್ಯೋಗ ಶೇ. 10.8ಕ್ಕೆ ಏರಿತ್ತು. ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದ ಹೊತ್ತಿನಲ್ಲೇ ಷೇರು, ಸಾಲ, ವಿಲೀನಗಳ ವ್ಯವಹಾರದಲ್ಲಿದ್ದವರ ಆದಾಯ ಏರುತ್ತಿತ್ತು. 1987ರ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6ರಷ್ಟು ಕುಸಿಯಿತು, ಎರಡು ತಿಂಗಳೊಳಗೆ 'ವಾಲ್ ಸ್ಟ್ರೀಟ್' ಸಿನಿಮಾ ತೆರೆಗೆ ಬಂತು. ಮರುವರ್ಷ ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರ್ ಉದ್ಯಾನದಲ್ಲಿ ನಡೆದ ಗಲಭೆಯಲ್ಲಿ ಯಪ್ಪಿಗಳಿಗೆ ಸಾವು ಬಯಸುವ ಘೋಷಣೆಗಳೇ ಕೇಳಿಬಂದವು. ಆ ನೆರೆಹೊರೆಯಲ್ಲಿ ಬಾಡಿಗೆ ಏರಿ ಬಡವರು ಹೊರಬೀಳುತ್ತಿದ್ದರು. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. 'ವಾಲ್ ಸ್ಟ್ರೀಟ್' ಮಾಡಿದವರು ಗಾರ್ಡನ್ ಗೆಕ್ಕೊ ಎಂಬ ಷೇರುಪೇಟೆಯ ದುರಾಸೆಯ ಕುಳವನ್ನು ಖಳನಾಯಕನಾಗಿ ಕಡೆದರು. ಆದರೆ ನಿನ್ನನ್ನು ನೋಡಿಯೇ ಈ ವೃತ್ತಿಗೆ ಬಂದೆವು ಎಂದು ಹೇಳುವ ಯುವಕರು ಆ ಪಾತ್ರಧಾರಿಗೆ ವರ್ಷಗಟ್ಟಲೆ ಎದುರಾದರು. ಜನಪ್ರಿಯ ಸಂಸ್ಕೃತಿ ಬೈಯುತ್ತಲೇ ಆಸೆ ಹುಟ್ಟಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ನಿಮ್ಮನ್ನು ನೋಡಿ ನಕ್ಕವರಲ್ಲಿ ಇಬ್ಬರಾದರೂ ತಮ್ಮ ಮಗನಿಗೆ ಪುಣೆಯಲ್ಲಿ ಕೆಲಸ ಸಿಗಲಿ ಎಂದು ಹರಕೆ ಹೊತ್ತಿರುತ್ತಾರೆ ಎಂಬುದು ನನ್ನ ಅಂದಾಜು.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಸಂಬಳದ ಯುವಕನನ್ನು ಮೊದಲಿನಿಂದಲೂ ಹೀಗೆ ನೋಡುತ್ತಿರಲಿಲ್ಲ. ನಾನು 1988ರಲ್ಲಿ ಧಾರವಾಡದಿಂದ ಮುಂಬೈಗೆ ಬಂದು ಮಾಟುಂಗಾದಲ್ಲಿ ಒಂದು ಕಾಟಿನ ಬಾಡಿಗೆಗೆ ಇದ್ದವನು. ಕೋಣೆಯಲ್ಲಿ ಐದು ಕಾಟುಗಳು, ಐದು ಟ್ರಂಕುಗಳು, ಗೋಡೆಗೆ ಒಂದೇ ಕನ್ನಡಿ. ನಮ್ಮೊಂದಿಗೆ ಉಡುಪಿ ಕಡೆಯ ಒಬ್ಬರಿದ್ದರು. ಹದಿಮೂರನೆಯ ವಯಸ್ಸಿಗೆ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತರಾಗಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು ಬೆಳಗ್ಗೆ ಹೊರಟರೆ ಕೆಳಗಿನ ಹೋಟೆಲಿನ ಹುಡುಗರು ಹೆಮ್ಮೆಯಿಂದ ನೋಡುತ್ತಿದ್ದರು. ಸಿನಿಮಾವೂ ಅಂಥವರನ್ನು ಪ್ರೀತಿಯಿಂದ ನೋಡುತ್ತಿದ್ದ ಕಾಲ ಅದಕ್ಕೆ ಸ್ವಲ್ಪ ಹಿಂದಿನದು. 1977ರ ಹಿಂದಿ ಚಿತ್ರ 'ಘರೋಂದಾ'ವನ್ನು ಸಿಕ್ಕರೆ ನೋಡಿ. ಒಂದೇ ಕಚೇರಿಯ ಹುಡುಗ ಹುಡುಗಿ ಮುಂಬೈಯಲ್ಲಿ ಒಂದು ಚಿಕ್ಕ ಫ್ಲ್ಯಾಟಿಗಾಗಿ ಪೈಸೆ ಪೈಸೆ ಕೂಡಿಸುತ್ತಾರೆ, ಕಟ್ಟಡ ಕಟ್ಟುವವನಿಂದ ಮೋಸ ಹೋಗುತ್ತಾರೆ. ಇಬ್ಬರೂ ನಗರದ ಯುವ ನೌಕರರೇ. ಆದರೆ ಅವರನ್ನು ನೋಡಿ ಯಾರಿಗೂ ಅಸೂಯೆ ಹುಟ್ಟಲಿಲ್ಲ, ಏಕೆಂದರೆ ನೋಡುಗರ ಜೇಬಿಗೂ ಅವರ ಜೇಬಿಗೂ ಹೆಚ್ಚು ಅಂತರವಿರಲಿಲ್ಲ.

ಕನ್ನಡದಲ್ಲಿ ಇನ್ನೂ ಆಳವಾದ ಕೆಲಸ ಆಗಿದೆ. ಯಶವಂತ ಚಿತ್ತಾಲರ 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ, ನ್ಯೂಸ್‌ವೀಕ್‌ನ ಆ ಮುಖಪುಟಕ್ಕಿಂತ ಐದು ವರ್ಷ ಮೊದಲು. ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬೈಗೆ ಬಂದು ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರು ನಾಗಪ್ಪ ಎಂಬ ಅಧಿಕಾರಿಯನ್ನು ಕಚೇರಿಯ ಒಳಗಿನಿಂದಲೇ ನೋಡಿದರು. ತನ್ನ ತಪ್ಪೇನೆಂದು ತಿಳಿಯದೆಯೇ ಕಂಪನಿಯ ವಿಚಾರಣೆಗೆ ಸಿಕ್ಕಿಬಿದ್ದವನ ಭಯ ಆ ಕಾದಂಬರಿಯ ತುಂಬ ಇದೆ. ಅವನ ಗಡಿಯಾರ ಯಾವ ಕಂಪನಿಯದು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಕೆಲಸದ ಮೌಲ್ಯಮಾಪನ ನಡೆಯುವ ಅಪ್ರೈಸಲ್ ದಿನಗಳಲ್ಲಿ ಮ್ಯಾನೇಜರ್ ಕಳಿಸಿದ ಒಂದು ಸಾಲಿನ ಸಂದೇಶವನ್ನು ನಾಲ್ಕು ಸಲ ಓದಿ ಅದರ ಒಳಅರ್ಥ ಹುಡುಕಿದ್ದರೆ, ನಾಗಪ್ಪ ನಿಮಗೆ ಹತ್ತಿರದವನು ಅನ್ನಿಸುತ್ತಾನೆ.

ಹಾಗಾದರೆ ನೋಟ ಯಾವಾಗ ಕೆಟ್ಟಿತು? ನನ್ನ ಪ್ರಕಾರ 1991ರ ಆರ್ಥಿಕ ಸುಧಾರಣೆಯ ನಂತರದ ಹತ್ತು ಹದಿನೈದು ವರ್ಷಗಳಲ್ಲಿ, ಮತ್ತು ಸಿನಿಮಾಕ್ಕಿಂತ ಮೊದಲು ಮನೆಯೊಳಗೆ. ಅದಕ್ಕೆ ಮೊದಲು ಸಂಬಳಕ್ಕೂ ವಯಸ್ಸಿಗೂ ಒಂದು ಒಪ್ಪಂದವಿತ್ತು: ತಲೆ ನೆರೆತಂತೆ ಸಂಬಳ ಏರುತ್ತಿತ್ತು, ಅಪ್ಪನ ಸಂಬಳ ಮಗನಿಗಿಂತ ಹೆಚ್ಚಿರುತ್ತಿತ್ತು. ಐಟಿ, ಹಣಕಾಸು, ಜಾಹೀರಾತು ಕ್ಷೇತ್ರಗಳು ಆ ಒಪ್ಪಂದವನ್ನು ಮುರಿದವು. ಇಪ್ಪತ್ತಾರರ ಮಗಳು, ಮೂವತ್ತು ವರ್ಷ ದುಡಿದ ಅಪ್ಪನಿಗಿಂತ ಹೆಚ್ಚು ತರತೊಡಗಿದಳು. ಪ್ರತಿದಿನ ಲೆಕ್ಕ ತಾಳೆಯಾಗುವವರೆಗೆ ಬ್ಯಾಂಕಿನಿಂದ ಏಳದೆ 34 ವರ್ಷ ಕಳೆದ ನಿಮ್ಮ ಕಾಕಾ ಅವರನ್ನು ಒಮ್ಮೆ ಯೋಚಿಸಿ. ಅವರ ಇಡೀ ಬಾಳಿನ ಲೆಕ್ಕವನ್ನು ಈ ಹೊಸ ಅಂಕಿ ಚಿಕ್ಕದು ಮಾಡಿಬಿಟ್ಟಿತು. ಆ ನೋವನ್ನು ನೇರ ಹೇಳಿಕೊಳ್ಳಲು ಅವರ ಪೀಳಿಗೆಯ ಗಂಡಸರಿಗೆ ಮಾತು ಗೊತ್ತಿಲ್ಲ. ಅದು ಕಾಫಿಯ ಬೆಲೆಯಾಗಿ ಹೊರಬರುತ್ತದೆ. ಅವರು ಹೇಳಿದ್ದು ಸರಿ ಎನ್ನುತ್ತಿಲ್ಲ. ಅದರ ಹಿಂದೆ ಇರುವುದು ದ್ವೇಷವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಆ ದೊಡ್ಡ ಸಂಬಳದ ಕಥೆಯೂ ಅರ್ಧ ಹಳೆಯದಾಗಿದೆ ಎಂಬುದು ಊರಿನವರಿಗೆ ಗೊತ್ತಿಲ್ಲ. 1981ರಲ್ಲಿ ಇದೇ ಪುಣೆಯಲ್ಲಿ, ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ ಇನ್ಫೋಸಿಸ್ ಶುರುವಾದ ಕಥೆಯನ್ನು ನಮ್ಮ ಕಡೆ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಆ ಕಥೆಯ ಬೆಳಕಿನಲ್ಲೇ ನಿಮ್ಮೆಲ್ಲರನ್ನೂ ನೋಡುತ್ತಾರೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತು ಎಂಬುದನ್ನು ಯಾವ ರೀಲ್ಸ್ ತೋರಿಸುತ್ತದೆ? ಬಾಡಿಗೆ ನಿಲ್ಲಲಿಲ್ಲ, ಕಾಲೇಜಿನ ಶುಲ್ಕವೂ ನಿಲ್ಲಲಿಲ್ಲ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ರಾಣೆಬೆನ್ನೂರಿನ ಕಡೆಯವನು. ಮಾತಿಗೆ ಮಾತು ಬಂದು ಮೊಬೈಲಿನಲ್ಲಿ ಬರೆದಿಟ್ಟ ತಿಂಗಳ ಲೆಕ್ಕ ತೋರಿಸಿದ. ಕೈಗೆ ಬರುವುದು 48,000. ಓದಿನ ಸಾಲದ ಕಂತು 11,000. ಊರಿಗೆ 12,000, ಅದರ ಮುಂದೆ 'ಅವ್ವ' ಎಂದು ಬರೆದಿದ್ದ. ಮೂವರು ಸೇರಿ ಹಿಡಿದ ಮನೆಯ ಬಾಡಿಗೆಯಲ್ಲಿ ಅವನ ಪಾಲು 9,000. ಅಡುಗೆಗೆ ಬರುವ ಹೆಂಗಸಿಗೆ (ಪುಣೆಯಲ್ಲಿ ಮಾವಶಿ ಎನ್ನುತ್ತಾರೆ), ದಿನಸಿಗೆ, ಬೈಕಿನ ಪೆಟ್ರೋಲಿಗೆ, ನೀರಿನ ಟ್ಯಾಂಕರಿನ ಪಾಲಿಗೆ ಸೇರಿ 10,000 ಚಿಲ್ಲರೆ. ಕೊನೆಯ ಸಾಲಿನಲ್ಲಿ 'ಕಾಫಿ, ಸಿನಿಮಾ: 900' ಎಂದಿತ್ತು. ಅಳಿಸಿ ಮತ್ತೆ ಬರೆದದ್ದು ಎಂದು ತಾನೇ ಹೇಳಿದ; ಮೊದಲು ಅಲ್ಲಿ 1,500 ಇತ್ತಂತೆ. ಎಲ್ಲರೂ ನೋಡುವುದು ಆ ಕೊನೆಯ ಸಾಲನ್ನು.

ಸಿನಿಮಾ ನಗರದ ಯೌವನವನ್ನು ತೋರಿಸಲು ಹೊರಟಾಗ ಕೂಡ ಸಂಬಳದವರನ್ನು ಹೆಚ್ಚಾಗಿ ಬಿಟ್ಟೇ ಹೋಯಿತು. 2001ರ 'ದಿಲ್ ಚಾಹತಾ ಹೈ' ಮೂವರು ಮುಂಬೈ ಗೆಳೆಯರನ್ನು ಗೋವಾಕ್ಕೆ ಕರೆದೊಯ್ದು ಚಾಪೋರಾ ಕೋಟೆಯ ಮೇಲೆ ಕೂರಿಸಿತು. ಒಳ್ಳೆಯ ಚಿತ್ರ, ನನಗೂ ಇಷ್ಟ. ಆದರೆ ಆ ಹುಡುಗರು ಉಳ್ಳವರ ಮನೆಯ ಮಕ್ಕಳು. ರಜೆಗೆ ಅರ್ಜಿ ಹಾಕುವ ಪ್ರಶ್ನೆಯೇ ಅವರಿಗಿಲ್ಲ. ಆ ಕೋಟೆಯ ಮೇಲೆ ಕೂರುವ ಆಸೆ ಮಾತ್ರ ರಜೆಗೆ ಅರ್ಜಿ ಹಾಕಬೇಕಾದವರೆಲ್ಲರಿಗೂ ಹತ್ತಿತು. ಇಂದು ಪುಣೆಯಿಂದ ಗೋವಾಕ್ಕೆ ಹೋಗಿ ಅದೇ ಕೋಟೆಯ ಮೇಲೆ ಫೋಟೊ ತೆಗೆಸಿಕೊಳ್ಳುವ ನಾಲ್ವರು ಗೆಳತಿಯರು ಆ ಪ್ರವಾಸಕ್ಕೆ ಆರು ತಿಂಗಳು ಹಣ ಕೂಡಿಸಿರುತ್ತಾರೆ. ಫೋಟೊ ನೋಡಿದ ಊರಿನವರಿಗೆ ಕಾಣುವುದು ಸಿನಿಮಾದ ಹುಡುಗರ ಐಶ್ವರ್ಯ. ನಿಮ್ಮ ಮೇಲಿನ ತಪ್ಪು ತಿಳಿವಳಿಕೆಗೆ ನೀವೇ ಹಾಕಿದ ಫೋಟೊಗಳೂ ಸ್ವಲ್ಪ ಕಾರಣ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಟ್ಯಾಂಕರ್ ಬಾರದ ಬೆಳಗಿನ ಫೋಟೊವನ್ನು ಯಾರೂ ಹಾಕುವುದಿಲ್ಲ.

ಊರು ಮರೆತವರು ಎಂಬ ಮಾತಿಗೆ ನನ್ನ ಉತ್ತರ ಪುಣೆಯ ವಾಕಡ್‌ನ ಹೆದ್ದಾರಿ ಸೇತುವೆಯ ಬಳಿ ಇದೆ. ಸೋಮವಾರ ಬೆಳಗಿನ ಜಾವ ಐದು ಗಂಟೆ. ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ರಾತ್ರಿ ಹೊರಟ ಬಸ್ಸುಗಳು ಸರ್ವಿಸ್ ರಸ್ತೆಯಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ನಿದ್ದೆಗಣ್ಣಿನಲ್ಲಿ ಇಳಿಯುವ ಹುಡುಗ ಹುಡುಗಿಯರ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಬಟ್ಟೆಯ ಚೀಲ. ನಾನು ಅಣ್ಣನನ್ನು ಕರೆತರಲು ಹೋದಾಗ ಒಬ್ಬಳ ಚೀಲದ ಹಿಡಿಕೆ ಹರಿದು ಎಲ್ಲವೂ ರಸ್ತೆಗೆ ಬಿತ್ತು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಪುಡಿ ತುಂಬಿದ ಹಾರ್ಲಿಕ್ಸ್ ಬಾಟಲಿ, ಬಾಯಿಗೆ ದಾರ ಕಟ್ಟಿದ ಗುರೆಳ್ಳು ಪುಡಿಯ ಪೊಟ್ಟಣ. ಗುರುತಿಲ್ಲದ ಮೂವರು ಬಗ್ಗಿ ಆರಿಸಿಕೊಟ್ಟರು. ರೊಟ್ಟಿ ಮುರಿದಿದ್ದವು. ಅವಳು ಚೂರುಗಳನ್ನೂ ಬಿಡದೆ ಕಾಗದಕ್ಕೆ ತುಂಬಿಕೊಂಡು, ಗಡಿಯಾರ ನೋಡಿ ರಿಕ್ಷಾ ಹತ್ತಿದಳು. ಒಂಬತ್ತಕ್ಕೆ ಅವಳು ಕಚೇರಿಯ ಗೇಟಿನಲ್ಲಿ ಕಾರ್ಡ್ ತೋರಿಸಬೇಕಿತ್ತೋ ಏನೋ. ಹನ್ನೊಂದು ಗಂಟೆ ಹೊತ್ತಿಗೆ ಅವಳ ಕೊರಳಲ್ಲಿ ಆ ಕಾರ್ಡ್, ಮುಂದೆ ಕಾಗದದ ಕಪ್ಪು ಇರುವ ನೋಟವಷ್ಟೇ ಜಾಹೀರಾತಿನವರಿಗೆ ಬೇಕು.

ಇಷ್ಟು ನಿಮ್ಮ ಪರವಾಗಿ. ಆದರೆ ಒಂದು ಆರೋಪವನ್ನು ನಾನು ತಳ್ಳಿಹಾಕಲಾರೆ, ನೀವೂ ತಳ್ಳಿಹಾಕಬಾರದು. ಅದು ಕಾಫಿಯದಲ್ಲ, ನೆಲದ್ದು. ಬಟ್ಟೆ ಗಿರಣಿಗಳು ತುಂಬಿದ್ದ ಮುಂಬೈಯ ಗಿರಣಗಾಂವ್‌ನಲ್ಲಿ 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಗೆಲ್ಲಲಿಲ್ಲ, ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. 1991ರ ನಿಯಮದಂತೆ ಗಿರಣಿಯ ಜಮೀನು ಮಾರಾಟಕ್ಕೆ ಬಂದಾಗ ಮೂರು ಪಾಲಾಗಬೇಕಿತ್ತು: ಒಂದು ನಗರದ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರಲ್ಲಿ ಆ ಲೆಕ್ಕವನ್ನು ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿದರು. ಕಟ್ಟಡ ನಿಂತಿದ್ದ ನೆಲ ಹಂಚಿಕೆಯಿಂದ ಹೊರಗುಳಿಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೋವರ್ ಪರೇಲ್‌ನ ಫೀನಿಕ್ಸ್, ಕಮಲಾ ಗಿರಣಿಗಳ ಆವರಣದಲ್ಲಿ ಇಂದು ನಿಮ್ಮ ವಯಸ್ಸಿನವರು ಕೆಲಸ ಮಾಡುತ್ತಾರೆ, ಸಂಜೆ ಕೂರುತ್ತಾರೆ. ನಾನು ಮುಂಬೈಗೆ ಬಂದಾಗ ಆ ಭಾಗದ ಹಿರಿಯರು ಭೋಂಗಾ ಎಂಬ ಗಿರಣಿಯ ಕೂಗನ್ನು ನೆನೆಸಿಕೊಳ್ಳುತ್ತಿದ್ದರು. ಗಡಿಯಾರ ಬೇಕಿರಲಿಲ್ಲ ಎನ್ನುತ್ತಿದ್ದರು. ಪುಣೆಯ ಹಿಂಜವಡಿ, ಮಾಣ್, ಮಾರುಂಜಿಗಳೂ ನಿನ್ನೆ ಮೊನ್ನೆಯವರೆಗೆ ಹೊಲಗಳಿದ್ದ ಹಳ್ಳಿಗಳೇ. ಆ ನೆಲವನ್ನು ನೀವು ಕಸಿದುಕೊಳ್ಳಲಿಲ್ಲ. ನಿಯಮ ಬರೆದವರು, ಮಾರಿದವರು, ಕೊಂಡವರು ಬೇರೆ. ಆದರೂ ಬಾಡಿಗೆ ಏರಿದಾಗ ಹೊರಬಿದ್ದವರಿಗೆ ಎದುರಿಗೆ ಕಾಣುವ ಮುಖ ನಿಮ್ಮದು. ಆದ್ದರಿಂದ ಅಡುಗೆಯ ಮಾವಶಿಗೆ ತಿಂಗಳಿಗೆ ಎಷ್ಟು ರಜೆ ಕೊಡುತ್ತೀರಿ, ನಿಮ್ಮ ಸೊಸೈಟಿಯ ಕಾವಲುಗಾರ ಎಷ್ಟು ಗಂಟೆ ನಿಲ್ಲುತ್ತಾನೆ ಎಂಬುದು ನೀವು ಕುಡಿಯುವ ಕಾಫಿಯ ಬೆಲೆಗಿಂತ ಮುಖ್ಯ ಎಂದು ನಾನು ನಂಬಿದ್ದೇನೆ.

ಈಚೆಗೆ ಚಿತ್ರ ಬದಲಾಗುತ್ತಿರುವ ಸೂಚನೆಗಳಿವೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶದ ತುಂಬ ಚರ್ಚೆಯಾಯಿತು. 2024ರಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ, 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬಳು ತೀರಿಕೊಂಡಳು. ಕೆಲಸದ ಹೊರೆ ಮಗಳನ್ನು ಹೇಗೆ ಬಳಲಿಸಿತ್ತು ಎಂದು ಅವಳ ತಾಯಿ ಬರೆದ ಪತ್ರವನ್ನು ಲಕ್ಷಾಂತರ ಜನ ಓದಿದರು. ನಾನು ಅದನ್ನು ಓದಿ ಆ ದಿನ ಬೇರೇನೂ ಮಾಡಲಾಗದೆ ಕುಳಿತಿದ್ದೆ. ಜನರ ಕಣ್ಣು ಶನಿವಾರದಿಂದ ಮಂಗಳವಾರದತ್ತ ಹೊರಳಲು ಒಂದು ಜೀವ ಹೋಗಬೇಕಾಯಿತು. ಅಂದಿನಿಂದ ಹಾಸ್ಯದ ರೀಲ್ಸ್‌ಗಳಲ್ಲೂ ರಾತ್ರಿ ಹತ್ತರ ಕರೆ, ರಜೆಯಲ್ಲೂ ತೆರೆದ ಲ್ಯಾಪ್‌ಟಾಪ್, ರಾಜೀನಾಮೆ ಕೊಟ್ಟ ಮೇಲಿನ ನೋಟಿಸ್ ಪಿರಿಯಡ್‌ನ ಅವಮಾನ ನನಗೆ ಹೆಚ್ಚಾಗಿ ಕಾಣಿಸುತ್ತಿವೆ. ನಗಿಸುವವರು ಈಗ ಹೆಚ್ಚಾಗಿ ಅದೇ ಕಚೇರಿಯ ಒಳಗಿನವರು, ಆದ್ದರಿಂದ ವಿವರ ತಪ್ಪುವುದಿಲ್ಲ.

ಇನ್ನು ನಿಮ್ಮ ಕಾಕಾ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ, ಪುಣೆಗೆ ಕರೆಯಿರಿ. ಶನಿವಾರ ಬೇಡ. ಸೋಮವಾರ ರಾತ್ರಿ ಗದಗಿನಿಂದ ಬಸ್ ಹತ್ತಿಸಿ, ಮಂಗಳವಾರ ವಾಕಡ್‌ನಲ್ಲಿ ಇಳಿಸಿಕೊಳ್ಳಿ. ಬೆಳಗಿನ ಟ್ಯಾಂಕರ್ ಬರುವುದನ್ನು ನೋಡಲಿ, ನಿಮ್ಮೊಂದಿಗೆ ಹಿಂಜವಡಿಯ ರಸ್ತೆಯಲ್ಲಿ ಒಂದು ಗಂಟೆ ನಿಲ್ಲಲಿ, ರಾತ್ರಿ ಊಟದ ನಡುವೆ ನೀವು ಎದ್ದು ಕರೆಗೆ ಉತ್ತರಿಸುವಾಗ ಎದುರು ಕುಳಿತಿರಲಿ. ಬ್ಯಾಂಕಿನ ಲೆಕ್ಕ ತಾಳೆಯಾಗದ ರಾತ್ರಿಗಳು ಅವರಿಗೆ ಗೊತ್ತು. ಆ ಹೊತ್ತಿನಲ್ಲಿ ಅವುಗಳ ಬಗ್ಗೆ ಕೇಳಿ. ಬರುವಾಗ ರೊಟ್ಟಿ ತರಲು ಹೇಳುವುದನ್ನು ಮರೆಯಬೇಡಿ.